ಪದವಿಯ ನಂತರ ಪ್ರವಾಸ: ಅಪ್ಪನ ಆಕ್ಷೇಪಣೆಗಳಿಗೆ ಏನು ಉತ್ತರ?

ಪ್ರಶ್ನೆ: ನನಗೆ 22 ವರ್ಷ. ಪದವಿಯ ಕೊನೆಯ ಪರೀಕ್ಷೆ ಮುಗಿದಿದೆ. ಕೆಲಸಕ್ಕೆ ಸೇರುವ ಮೊದಲು ಎಂಟು ಹತ್ತು ತಿಂಗಳು ಬೇರೆ ಬೇರೆ ದೇಶಗಳಲ್ಲಿ ಓಡಾಡಿ ಬರಬೇಕೆಂಬ ಆಸೆಯಿದೆ. ಅರೆಕಾಲಿಕ ಕೆಲಸ ಮಾಡಿ ಸ್ವಲ್ಪ ಹಣವನ್ನೂ ಕೂಡಿಟ್ಟಿದ್ದೇನೆ. ‘ದೇಶ ಸುತ್ತು, ಕೋಶ ಓದು’ ಎಂದು ಚಿಕ್ಕಂದಿನಿಂದ ಹೇಳಿಕೊಟ್ಟ ಅಪ್ಪನೇ ಈಗ ಬೇಡ ಎನ್ನುತ್ತಿದ್ದಾರೆ. ಒಂದು ವರ್ಷ ಖಾಲಿ ಬಿಟ್ಟರೆ ಯಾರೂ ಕೆಲಸ ಕೊಡುವುದಿಲ್ಲ, ಜೊತೆಯವರು ಮುಂದೆ ಹೋಗಿಬಿಡುತ್ತಾರೆ, ಒಮ್ಮೆ ಕಾಲಿಗೆ ಚಕ್ರ ಕಟ್ಟಿಕೊಂಡವರು ಮತ್ತೆ ಒಂದು ಕಡೆ ನೆಲೆ ನಿಲ್ಲುವುದಿಲ್ಲ ಎಂಬುದು ಅವರ ವಾದ. ಪ್ರವಾಸದಿಂದ ವ್ಯಕ್ತಿತ್ವಕ್ಕೂ ಉದ್ಯೋಗಕ್ಕೂ ನಿಜವಾಗಿ ಪ್ರಯೋಜನವಿದೆಯೇ? ಇಲ್ಲವೇ ನಾನು ಕೆಲಸದಿಂದ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದೇನೆಯೇ?

ಉತ್ತರ: ಪ್ರಯೋಜನವಿದೆ. ಆದರೆ ನಿಮ್ಮ ಪತ್ರದಲ್ಲಿರುವ ‘ಓಡಾಡಿ ಬರಬೇಕು’ ಎಂಬ ಮಾತಿನ ಬಗ್ಗೆ ನನಗೆ ತಕರಾರಿದೆ. ಇಪ್ಪತ್ತು ವರ್ಷಗಳಿಂದ ಪದವೀಧರರಿಗೆ ಉದ್ಯೋಗ ಮಾರ್ಗದರ್ಶನ ಮಾಡುತ್ತಿದ್ದೇನೆ, ಸಂದರ್ಶನ ಸಮಿತಿಗಳಲ್ಲಿ ಮೇಜಿನ ಆ ಬದಿಯಲ್ಲೂ ಕುಳಿತಿದ್ದೇನೆ. ಇಷ್ಟು ವರ್ಷಗಳಲ್ಲಿ ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಊರೂರು ದಾಟಿಕೊಂಡು ಹೋದವರು ನೆನಪುಗಳನ್ನು ಹೊತ್ತು ಬರುತ್ತಾರೆ. ಎಲ್ಲಾದರೂ ಒಂದು ಕಡೆ ಕೆಲವು ತಿಂಗಳು ಉಳಿದು, ಅಲ್ಲಿನವರ ನಡುವೆ ಏನಾದರೂ ಕೆಲಸ ಮಾಡಿದವರು ಬೇರೆ ಮನುಷ್ಯರಾಗಿ ಬರುತ್ತಾರೆ. ನಿಮ್ಮ ಯೋಜನೆಯಲ್ಲಿ ಈ ಉಳಿಯುವ ಭಾಗ ಎಷ್ಟಿದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮೊದಲು ನಿಮ್ಮ ತಂದೆಯವರ ಮಾತಿಗೆ ಬರೋಣ. ಅವರ ಮಾತು ಹೊಸದೇನಲ್ಲ. 1831ರ ಆಗಸ್ಟ್ ಕೊನೆಯಲ್ಲಿ, ಕೇಂಬ್ರಿಜ್‌ನಲ್ಲಿ ಪದವಿ ಮುಗಿಸಿದ್ದ 22 ವರ್ಷದ ಯುವಕನೊಬ್ಬನಿಗೆ ತನ್ನ ಪ್ರಾಧ್ಯಾಪಕರಿಂದ ಪತ್ರ ಬಂತು. ದಕ್ಷಿಣ ಅಮೆರಿಕದ ಕರಾವಳಿಯ ಸಮೀಕ್ಷೆಗೆ ಹೊರಟಿರುವ ಹಡಗಿನಲ್ಲಿ ಪ್ರಕೃತಿ ವಿಜ್ಞಾನಿಯಾಗಿ ಹೋಗಲು ಅವಕಾಶವಿದೆ, ಎರಡು ವರ್ಷದ ಪ್ರಯಾಣ ಎಂದು ಅದರಲ್ಲಿತ್ತು. ಹುಡುಗ ಚಾರ್ಲ್ಸ್ ಡಾರ್ವಿನ್. ವೈದ್ಯರಾಗಿದ್ದ ತಂದೆ ರಾಬರ್ಟ್ ಡಾರ್ವಿನ್ ಒಪ್ಪಲಿಲ್ಲ. ಮಗ ಆಗಲೇ ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟಿದ್ದ, ಇನ್ನೇನು ಪಾದ್ರಿಯಾಗಿ ನೆಲೆ ನಿಲ್ಲುತ್ತಾನೆ ಎನ್ನುವಾಗ ಈ ಹಡಗು ಅಡ್ಡ ಬಂದಿತ್ತು. ಡಾರ್ವಿನ್ ಆ ಅವಕಾಶವನ್ನು ಬೇಡವೆಂದು ಬರೆದೂಬಿಟ್ಟ. ಆದರೆ ತಂದೆ ಒಂದು ಬಾಗಿಲು ತೆರೆದಿಟ್ಟಿದ್ದರು: ‘ಹೋಗು ಎಂದು ಹೇಳುವ ಒಬ್ಬನೇ ಒಬ್ಬ ವಿವೇಕಿಯನ್ನು ತೋರಿಸು, ಒಪ್ಪುತ್ತೇನೆ.’

ಡಾರ್ವಿನ್ ಸೋದರಮಾವ ಜೋಸೈಯಾ ವೆಜ್‌ವುಡ್ ಅವರ ಮನೆಗೆ ಹೋದ. ಅಲ್ಲಿ ತಂದೆಯ ಆಕ್ಷೇಪಣೆಗಳನ್ನು ಒಂದೊಂದಾಗಿ ಕಾಗದದ ಮೇಲೆ ಬರೆದ. ಒಟ್ಟು ಎಂಟು. ಇದು ಹುಚ್ಚು ಯೋಜನೆ, ಮುಂದೆ ಹಿಡಿಯಬೇಕಾದ ವೃತ್ತಿಗೆ ಶೋಭೆಯಲ್ಲ, ಮತ್ತೊಮ್ಮೆ ದಾರಿ ಬದಲಿಸಿದಂತೆ ಆಗುತ್ತದೆ, ಇದರಿಂದ ಉಪಯೋಗವಿಲ್ಲ, ಇದಾದ ಮೇಲೆ ನೀನು ಸ್ಥಿರ ಬದುಕಿಗೆ ಒಗ್ಗುವುದಿಲ್ಲ… ನಿಮ್ಮ ತಂದೆಯವರ ಮಾತಿನ ಪಕ್ಕದಲ್ಲಿ ಇವನ್ನು ಇಟ್ಟು ನೋಡಿ. ಸುಮಾರು ಇನ್ನೂರು ವರ್ಷಗಳಲ್ಲಿ ತಂದೆಯರ ಆತಂಕ ಹೆಚ್ಚೇನೂ ಬದಲಾಗಿಲ್ಲ. ಅದನ್ನು ಹಗುರವಾಗಿ ಕಾಣಬೇಡಿ. ಮಗ ಅಥವಾ ಮಗಳು ದಿಕ್ಕು ತಪ್ಪಬಾರದು ಎಂಬ ಕಳಕಳಿ ಅದರ ಹಿಂದಿದೆ.

ಸೋದರಮಾವ ಆ ಎಂಟಕ್ಕೂ ಕ್ರಮವಾಗಿ ಉತ್ತರ ಬರೆದು ಕಳಿಸಿದರು. ಸ್ಥಿರ ಬದುಕಿನ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ನನ್ನಲ್ಲಿಗೆ ಬರುವ ತಂದೆತಾಯಿಯರಿಗೆಲ್ಲ ಹೇಳುತ್ತೇನೆ. ಹೋದರೆ ಈ ಎರಡು ವರ್ಷ ಹೇಗೆ ಕಳೆಯುತ್ತದೆ ಎಂಬುದನ್ನು, ಹೋಗದಿದ್ದರೆ ಇದೇ ಎರಡು ವರ್ಷವನ್ನು ಅವನು ಬಹುಶಃ ಹೇಗೆ ಕಳೆಯುತ್ತಾನೆ ಎಂಬುದರ ಜೊತೆ ಹೋಲಿಸಿ ನೋಡಿ ಎಂದರು. ಲೆಕ್ಕ ಹಾಕಬೇಕಾದ ರೀತಿ ಇದೇ. ನಾವು ಪ್ರವಾಸದ ವರ್ಷವನ್ನು ಯಾವಾಗಲೂ ಒಂದು ಆದರ್ಶ ವರ್ಷದ ಜೊತೆ ಹೋಲಿಸುತ್ತೇವೆ: ಒಳ್ಳೆಯ ಕೆಲಸ, ಒಳ್ಳೆಯ ಸಂಬಳ, ಪ್ರತಿದಿನ ಹೊಸ ಕಲಿಕೆ. ನಿಜವಾದ ಹೋಲಿಕೆ, ನಿಮ್ಮ ಕೈಯಲ್ಲಿ ಈಗ ಇರುವ ಅಥವಾ ಸಿಗಬಹುದಾದ ಕೆಲಸದ ಮೊದಲ ವರ್ಷದ ಜೊತೆ ಆಗಬೇಕು. ಆ ಕೆಲಸ ಚೆನ್ನಾಗಿದ್ದರೆ ತಕ್ಕಡಿ ಒಂದು ಕಡೆ ವಾಲುತ್ತದೆ. ಏನು ಮಾಡಬೇಕೆಂದು ತೋಚದೆ, ಎಲ್ಲರೂ ಹಾಕಿದರೆಂದು ಅರ್ಜಿ ಹಾಕಿ ಸಿಕ್ಕಿದ ಕೆಲಸವಾದರೆ ಇನ್ನೊಂದು ಕಡೆ.

ತಂದೆ ಒಪ್ಪಿದರು. ಎರಡು ವರ್ಷವೆಂದು ಹೊರಟ ಬೀಗಲ್ ಹಡಗು 1836ರ ಅಕ್ಟೋಬರ್‌ನಲ್ಲಿ, ಐದು ವರ್ಷಕ್ಕೆ ಹತ್ತಿರವಾಗುವಾಗ ಮರಳಿತು. ಆ ಐದು ವರ್ಷಗಳಲ್ಲಿ ಡಾರ್ವಿನ್ ಸಮುದ್ರದ ಮೇಲಿದ್ದದ್ದು ಒಂದೂವರೆ ವರ್ಷ ಮಾತ್ರ. ಮೂರು ವರ್ಷಕ್ಕೂ ಮಿಕ್ಕಿ ಆತ ನೆಲದ ಮೇಲೆ ಇದ್ದ, ಕುದುರೆ ಏರಿ ಒಳನಾಡಿಗೆ ಹೋಗುತ್ತಿದ್ದ, ತಿಂಗಳುಗಟ್ಟಲೆ ಒಂದೇ ಪ್ರದೇಶದಲ್ಲಿ ಬೀಡುಬಿಡುತ್ತಿದ್ದ, ದಿನಚರಿ ಬರೆಯುತ್ತಿದ್ದ. ಮತ್ತೆ ‘ನೆಲೆ ನಿಲ್ಲುವುದಿಲ್ಲ’ ಎಂಬ ಭಯ? ಮರಳಿ ಬಂದ ಮೇಲೆ ಆತ ಬ್ರಿಟನ್ನಿನಿಂದ ಹೊರಗೆ ಕಾಲಿಡಲೇ ಇಲ್ಲ. 1842ರಲ್ಲಿ ಒಂದು ಹಳ್ಳಿಯ ಮನೆ ಸೇರಿ, 1882ರಲ್ಲಿ ಸಾಯುವವರೆಗೆ ಅಲ್ಲೇ ಇದ್ದ. ನೀವು ಡಾರ್ವಿನ್ ಆಗುತ್ತೀರಿ ಎಂದು ನಾನು ಹೇಳುತ್ತಿಲ್ಲ. ಒಬ್ಬ ವಿವೇಕಿ ತಂದೆಯ ಎಂಟು ಆಕ್ಷೇಪಣೆಗಳಿಗೆ ಇನ್ನೊಬ್ಬ ವಿವೇಕಿ ಹೇಗೆ ಉತ್ತರಿಸಿದ ಎಂಬುದಕ್ಕಾಗಿ ಈ ಕತೆ ಹೇಳಿದೆ. ಕೊನೆಗೆ ಇದಕ್ಕೇ ಮರಳಿ ಬರುತ್ತೇನೆ.

ಉಳಿಯುವುದಕ್ಕೂ ಸುತ್ತುವುದಕ್ಕೂ ಇರುವ ವ್ಯತ್ಯಾಸ ನನ್ನ ಅನುಭವದ ಮಾತಷ್ಟೇ ಅಲ್ಲ. ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಒಗಟು ಇದೆ. ಒಂದು ಮೇಣದಬತ್ತಿ, ಒಂದು ಬೆಂಕಿಪೊಟ್ಟಣ, ಒಂದು ಡಬ್ಬಿ ತುಂಬ ಪಿನ್ನುಗಳು. ಮೇಣ ಕೆಳಗೆ ತೊಟ್ಟಿಕ್ಕದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕು. ಪಿನ್ನುಗಳನ್ನು ಹೊರಗೆ ಸುರಿದು, ಖಾಲಿ ಡಬ್ಬಿಯನ್ನೇ ಗೋಡೆಗೆ ಚುಚ್ಚಿ ಅದರ ಮೇಲೆ ಬತ್ತಿ ಇಡುವುದು ಉತ್ತರ. ಡಬ್ಬಿ ಎಂದರೆ ಪಿನ್ನು ತುಂಬುವುದಕ್ಕೆ ಎಂದು ಮನಸ್ಸು ಪಟ್ಟು ಹಿಡಿದಿರುವುದರಿಂದ ಬಹಳ ಮಂದಿಗೆ ಹೊಳೆಯುವುದಿಲ್ಲ. ವಿಲಿಯಂ ಮ್ಯಾಡಕ್ಸ್ ಮತ್ತು ಆ್ಯಡಂ ಗಲಿನ್ಸ್ಕಿ ಎಂಬ ಸಂಶೋಧಕರು ಎಂಬಿಎ ವಿದ್ಯಾರ್ಥಿಗಳಿಗೆ ಈ ಒಗಟು ಕೊಟ್ಟರು, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಕಾಲ ಹೊರದೇಶದಲ್ಲಿ ವಾಸ ಮಾಡಿದವರು ಅದನ್ನು ಬಿಡಿಸುವ ಸಾಧ್ಯತೆ ಹೆಚ್ಚಿತ್ತು. ಬರೀ ಪ್ರವಾಸ ಮಾಡಿದ ಕಾಲಕ್ಕೂ ಬಿಡಿಸುವುದಕ್ಕೂ ಅಂಥ ಸಂಬಂಧ ಕಾಣಲಿಲ್ಲ.

2018ರಲ್ಲಿ ಹಾಜೊ ಆ್ಯಡಂ ಮತ್ತು ಜೊತೆಗಾರರು ಇನ್ನೊಂದು ಅಧ್ಯಯನ ಪ್ರಕಟಿಸಿದರು. ನಿಮ್ಮಂಥವರಿಗೆ ಇದೇ ಹೆಚ್ಚು ಮುಖ್ಯ ಎಂದು ನನಗೆ ಅನಿಸುತ್ತದೆ. ಹೊರದೇಶದಲ್ಲಿ ಬದುಕಿದವರಿಗೆ ‘ನಾನು ಯಾರು, ನನಗೆ ಏನು ಮುಖ್ಯ’ ಎಂಬುದು ಹೆಚ್ಚು ಸ್ಪಷ್ಟವಾಗಿರುತ್ತದೆ, ಆ ಸ್ಪಷ್ಟತೆ ವೃತ್ತಿಯ ತೀರ್ಮಾನಗಳಿಗೂ ಹರಿಯುತ್ತದೆ ಎಂದು ಅವರು ಕಂಡರು. ಇಲ್ಲಿ ಲೆಕ್ಕಕ್ಕೆ ಬಂದದ್ದು ಎಷ್ಟು ದೇಶ ಎಂಬುದಲ್ಲ, ಎಷ್ಟು ಕಾಲ ಎಂಬುದು. ಕಾರಣ ಸರಳ. ಹುಟ್ಟಿ ಬೆಳೆದ ಕಡೆ ನಮ್ಮ ರೂಢಿಗಳೆಲ್ಲ ಗಾಳಿಯಂತೆ, ಕಣ್ಣಿಗೆ ಬೀಳುವುದೇ ಇಲ್ಲ. ಬೇರೆ ರೂಢಿಯವರ ನಡುವೆ ತಿಂಗಳುಗಟ್ಟಲೆ ಇದ್ದಾಗ, ಇದು ನನ್ನದೇ ನಂಬಿಕೆಯೋ ಅಥವಾ ಸುತ್ತಲಿನವರು ನಂಬಿದ್ದಕ್ಕೆ ನಾನೂ ನಂಬಿದ್ದೋ ಎಂದು ದಿನಕ್ಕೆ ನಾಲ್ಕು ಸಲ ಕೇಳಿಕೊಳ್ಳಬೇಕಾಗುತ್ತದೆ. ಐದು ದಿನದ ಭೇಟಿಯಲ್ಲಿ ಆ ಪ್ರಶ್ನೆ ಏಳುವಷ್ಟರಲ್ಲಿ ಬಸ್ ಹೊರಟಿರುತ್ತದೆ.

ಹೆಚ್ಚು ಕಡೆ ಹೋಗುವುದರಿಂದ ಏನೂ ಸಿಗುವುದಿಲ್ಲವೆಂದಲ್ಲ. 2014ರ ಒಂದು ಅಧ್ಯಯನದಲ್ಲಿ, ಬೇರೆ ಬೇರೆ ದೇಶಗಳ ಅನುಭವವಿದ್ದವರಿಗೆ ಅಪರಿಚಿತರ ಮೇಲೆ ನಂಬಿಕೆ ಹೆಚ್ಚುತ್ತದೆ ಎಂದು ಕಂಡುಬಂದಿದೆ. ಅದು ಸಣ್ಣ ಲಾಭವಲ್ಲ. ಆದರೆ 2017ರ ಇನ್ನೊಂದು ಅಧ್ಯಯನದಲ್ಲಿ, ಬಹಳ ದೇಶಗಳ ಅನುಭವವಿರುವವರಲ್ಲಿ ‘ಸರಿ ತಪ್ಪು ಎಂಬುದು ಊರಿಗೊಂದು’ ಎಂಬ ಭಾವ ಬೆಳೆದು, ಸಣ್ಣಪುಟ್ಟ ಮೋಸಕ್ಕೆ ಮನಸ್ಸು ಸಡಿಲವಾಗುವುದೂ ಕಂಡಿದೆ. ಪ್ರವಾಸ ಮನುಷ್ಯನನ್ನು ತಾನಾಗಿಯೇ ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಹೇಳುವವರಿಗೆ ಇದನ್ನೂ ನೆನಪಿಸುತ್ತೇನೆ.

ಇಂಥ ಅಧ್ಯಯನಗಳನ್ನು ಓದುವಾಗ ಒಂದು ಎಚ್ಚರ ಬೇಕು. ಹೊರಗೆ ಹೋಗುವ ಧೈರ್ಯ, ಹಣ, ಕುತೂಹಲ ಇರುವವರು ಹೋಗುವುದಕ್ಕೆ ಮೊದಲೇ ಬೇರೆಯವರಿಗಿಂತ ಭಿನ್ನರಾಗಿರಬಹುದು. ಈ ತೊಡಕನ್ನು ಬಿಡಿಸಲು ಯತ್ನಿಸಿದ್ದು ಜರ್ಮನಿಯ ಯೇನಾ ವಿಶ್ವವಿದ್ಯಾಲಯದ ಜೂಲಿಯಾ ಜಿಮ್ಮರ್‌ಮನ್ ಮತ್ತು ಫ್ರಾಂಟ್ಸ್ ನೈಯರ್. ಹೊರದೇಶಕ್ಕೆ ಓದಲು ಹೋದವರು, ಮನೆಯಲ್ಲೇ ಉಳಿದವರು ಸೇರಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹೋಗುವ ಮೊದಲು ಮತ್ತು ಆಮೇಲೆ ಪರಿಶೀಲಿಸಿ 2013ರಲ್ಲಿ ಬರೆದರು. ಹೋಗುವವರು ಮೊದಲೇ ಸ್ವಲ್ಪ ಬೇರೆ ಇದ್ದದ್ದು ನಿಜ. ಆದರೂ ಹೋಗಿ ಬಂದ ಮೇಲೆ ಅವರು ಹೊಸತಿಗೆ ಇನ್ನಷ್ಟು ತೆರೆದುಕೊಂಡಿದ್ದರು, ಮನಸ್ಸಿನ ತಳಮಳ ಇಳಿದಿತ್ತು. ಆ ಬದಲಾವಣೆಗೆ ಬಹುಪಾಲು ಕಾರಣ ಅಲ್ಲಿ ಹೊಸದಾಗಿ ಬೆಳೆದ ಸ್ನೇಹ ಸಂಬಂಧಗಳು. ಊರು ನೋಡಿದ್ದಕ್ಕಿಂತ ಊರಿನವರನ್ನು ಹಚ್ಚಿಕೊಂಡದ್ದು ಕೆಲಸ ಮಾಡಿದೆ ಎಂದಾಯಿತು.

ಇದು ಹೇಗೆ ಆಗುತ್ತದೆ ಎಂಬುದಕ್ಕೆ ನನ್ನದೇ ಒಂದು ಸಂಗತಿ ಹೇಳಬೇಕು. ಪದವಿ ಮುಗಿದ ವರ್ಷ ನಾನು ಭಾಷೆ ಬಾರದ ಒಂದು ಬಂದರು ಊರಿನಲ್ಲಿ ಮೂರು ತಿಂಗಳು ಇದ್ದೆ. ಪ್ರವಾಸಿಗರು ತಂಗುವ ಸಣ್ಣ ಹಾಸ್ಟೆಲ್ ಒಂದರಲ್ಲಿ ಬೆಳಗಿನ ಹೊತ್ತು ಕೆಲಸ, ಅದಕ್ಕೆ ಬದಲಾಗಿ ಮಲಗಲು ಒಂದು ಮಂಚ. ಕೆಲಸವೆಂದರೆ ಒಗೆದ ಹಾಸು ಹೊದಿಕೆಗಳನ್ನು ಮಡಿಸುವುದು. ಜೊತೆಯಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು. ಆಕೆಗೆ ನನ್ನ ಒಂದು ಮಾತೂ ಬಾರದು, ನನಗೆ ಆಕೆಯದು. ಮೂಲೆಗಳಲ್ಲಿ ರಬ್ಬರ್ ಪಟ್ಟಿ ಇರುವ ಹಾಸನ್ನು ಮಡಿಸಲು ಪ್ರಯತ್ನಿಸಿ ನೋಡಿ, ಅದು ಎಷ್ಟು ಮಡಿಸಿದರೂ ಉಂಡೆಯಾಗಿಯೇ ಉಳಿಯುತ್ತದೆ. ಆಕೆ ನನ್ನ ಎರಡೂ ಕೈಗಳನ್ನು ಹಿಡಿದು ಹಾಸಿನ ಎರಡು ಮೂಲೆಗಳ ಒಳಗೆ ತೂರಿಸುತ್ತಿದ್ದಳು, ಒಂದು ಮೂಲೆಯನ್ನು ಇನ್ನೊಂದರ ಮೇಲೆ ಮಗುಚುತ್ತಿದ್ದಳು, ತಪ್ಪಿದರೆ ಬೆರಳ ಗೆಣ್ಣಿಗೆ ಮೆಲ್ಲಗೆ ತಟ್ಟಿ ಮತ್ತೆ ಬಿಚ್ಚುತ್ತಿದ್ದಳು. ಆ ಭಾಷೆಯಲ್ಲಿ ನಾನು ಕಲಿತ ಮೊದಲ ಮಾತು ‘ಇನ್ನೊಮ್ಮೆ’. ನನ್ನ ಬಳಿ ಪ್ರಥಮ ದರ್ಜೆಯ ಪದವಿ ಇತ್ತು. ಅಲ್ಲಿ ಯಾರೂ ಅದನ್ನು ಕೇಳಲಿಲ್ಲ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ನಾನು ಮಡಿಸಿಟ್ಟ ಒಂದು ಹಾಸನ್ನು ಆಕೆ ಎತ್ತಿ ನೋಡಿದಳು, ಅಂಚಿನ ಮೇಲೆ ಅಂಗೈ ಎಳೆದಳು, ಕೆಳಗಿಟ್ಟಳು. ಆಮೇಲೆ ರಾಶಿಯನ್ನೆಲ್ಲ ನನ್ನ ಪಾಲಿಗೆ ಬಿಟ್ಟು ಕೋಣೆಯಿಂದ ಹೊರಗೆ ಹೋದಳು.

ಆ ಹೊತ್ತು ನನಗಾದ ಸಂತೋಷ ಪರೀಕ್ಷೆಯ ಫಲಿತಾಂಶ ಬಂದ ದಿನವೂ ಆಗಿರಲಿಲ್ಲ. ಆವರೆಗೆ ನನಗೆ ಸಿಕ್ಕ ಮೆಚ್ಚುಗೆಯೆಲ್ಲ ಅಂಕಪಟ್ಟಿಯ ಮೂಲಕ, ಮನೆತನದ ಮೂಲಕ, ಪರಿಚಯದ ಮೂಲಕ ಬಂದದ್ದು. ಇದೊಂದು ಮಾತ್ರ ಕೈಯ ಕೆಲಸಕ್ಕೆ ಬಂದದ್ದು. ಗೊತ್ತಿಲ್ಲದವರ ಮುಂದೆ ಗೊತ್ತಿಲ್ಲವೆಂದು ನಿಲ್ಲುವುದು, ತಪ್ಪಿದಾಗ ಮುಖ ಸಣ್ಣದು ಮಾಡಿಕೊಳ್ಳದೆ ಮತ್ತೆ ಬಿಚ್ಚಿ ಮಡಿಸುವುದು, ಇವನ್ನು ನಾನು ಅಲ್ಲಿ ಕಲಿತೆ. ಮೊದಲ ಕೆಲಸದ ಮೊದಲ ಆರು ತಿಂಗಳಲ್ಲಿ ಬೇಕಾಗುವುದೂ ಇದೇ. ಫ್ರೆಷರ್‌ಗಳು ಎಡವುವುದು ಜ್ಞಾನ ಸಾಲದೆ ಅಲ್ಲ, ಗೊತ್ತಿಲ್ಲವೆಂದು ಹೇಳಲು ಅಳುಕಿ ಎಂಬುದನ್ನು ನಾನು ಬಹಳ ಕಂಡಿದ್ದೇನೆ.

ಈಗ ಉದ್ಯೋಗದ ಮಾತು. ಒಂದೇ ಹುದ್ದೆಗೆ ಬಂದಿದ್ದ ಇಬ್ಬರು ನೆನಪಾಗುತ್ತಾರೆ. ಇಬ್ಬರ ಬಯೋಡೇಟಾದಲ್ಲೂ ಪದವಿಯ ನಂತರ ಒಂದು ವರ್ಷ ಖಾಲಿ. ಮೊದಲನೆಯವನು ನಾಲ್ಕು ತಿಂಗಳಲ್ಲಿ 11 ದೇಶ ನೋಡಿದ್ದ. ಒಂದೇ ಕಡೆ ಹೆಚ್ಚೆಂದರೆ ಎಷ್ಟು ದಿನ ಇದ್ದಿರಿ ಎಂದು ಕೇಳಿದೆ. ಒಂದು ವಾರ ಎಂದ. ಅಲ್ಲಿ ಯಾರ ಪರಿಚಯವಾಯಿತು ಎಂದರೆ, ತನ್ನಂತೆಯೇ ಬಂದಿದ್ದ ಇಬ್ಬರು ಪ್ರವಾಸಿಗರ ಹೆಸರು ಹೇಳಿದ. ಒಳ್ಳೆಯ ಹುಡುಗ, ಹೇಳುವುದಕ್ಕೆ ಮಾತ್ರ ಏನೂ ಇರಲಿಲ್ಲ. ಎರಡನೆಯವಳು ಬೆಟ್ಟದ ಮೇಲಿನ ಚಾರಣಿಗರ ತಂಗುದಾಣವೊಂದರಲ್ಲಿ ನಾಲ್ಕು ತಿಂಗಳು ಸ್ವಾಗತ ಮೇಜಿನಲ್ಲಿ ಕೆಲಸ ಮಾಡಿದ್ದಳು. ಒಂದು ಸಂಜೆ ಮಳೆಯಲ್ಲಿ 14 ಜನರ ಗುಂಪು ಬಂದು ನಿಂತಿದೆ, ಪುಸ್ತಕದಲ್ಲಿ ಅವರ ಹೆಸರು ಮರುದಿನದ ಪುಟದಲ್ಲಿದೆ, ಒಂದೂ ಮಂಚ ಖಾಲಿಯಿಲ್ಲ. ಅವಳು ಏನು ಮಾಡಿದಳು ಎಂಬುದನ್ನು ಹೇಳುತ್ತಾ ಹೋದಳು. ಮೊದಲು ಅವರ ಒದ್ದೆ ಬಟ್ಟೆ ಒಣಗಿಸಲು ವ್ಯವಸ್ಥೆ, ಬಿಸಿಯಾಗಿ ಕುಡಿಯಲು ಏನಾದರೂ, ತಪ್ಪು ಯಾರದೆಂಬ ಚರ್ಚೆ ಆಮೇಲೆ. ಊಟದ ಕೋಣೆಯ ಮೇಜುಗಳನ್ನು ಸರಿಸಿ ಹಾಸಿಗೆ ಹಾಕಿದ್ದು. ಮರುದಿನದಿಂದ ಪ್ರತಿ ಗುಂಪಿಗೂ ಮೂರು ದಿನ ಮೊದಲು ಒಂದು ಸಂದೇಶ ಕಳಿಸಿ ದಿನಾಂಕ ಖಚಿತಪಡಿಸಿಕೊಳ್ಳುವ ಪದ್ಧತಿ. ಅವಳು ಅಲ್ಲಿಂದ ಬಂದ ಮೇಲೂ ತಂಗುದಾಣದ ಮಾಲೀಕ ಅದೇ ಪದ್ಧತಿ ಮುಂದುವರಿಸಿದ್ದಾನೆ ಎಂದಳು. ಸಮಿತಿಯಲ್ಲಿ ಯಾರೂ ‘ಒಂದು ವರ್ಷ ಏನು ಮಾಡಿದಿರಿ’ ಎಂದು ಮತ್ತೆ ಕೇಳಲಿಲ್ಲ. ಅವಳಿಗೇ ಕೆಲಸ ಸಿಕ್ಕಿತು.

ಸಂದರ್ಶನದಲ್ಲಿ ನಾವು ಹುಡುಕುವುದು ಹೀಗೆ ಬಿಡಿಬಿಡಿಯಾಗಿ ಹೇಳಬಲ್ಲ ಸಂಗತಿ. ‘ಹೊಂದಿಕೊಳ್ಳುವ ಗುಣ ಬೆಳೆಯಿತು, ಆತ್ಮವಿಶ್ವಾಸ ಹೆಚ್ಚಿತು’ ಎಂಬ ಮಾತುಗಳನ್ನು ದಿನಕ್ಕೆ ಹತ್ತು ಸಲ ಕೇಳುತ್ತೇವೆ, ಅವು ಕಿವಿಯಲ್ಲಿ ನಿಲ್ಲುವುದಿಲ್ಲ. ಒದ್ದೆ ಬಟ್ಟೆಯ 14 ಜನ ನಿಲ್ಲುತ್ತಾರೆ.

ಪ್ರಯಾಣವನ್ನೇ ವೃತ್ತಿಶಿಕ್ಷಣದ ಭಾಗವಾಗಿ ಕಂಡ ಪರಂಪರೆಗಳೂ ಇವೆ. ಜರ್ಮನ್ ಭಾಷಿಕ ನಾಡುಗಳಲ್ಲಿ ಬಡಗಿ, ಚಾವಣಿ ಕೆಲಸದವರು ಮುಂತಾದ ಕುಶಲಕರ್ಮಿಗಳು ತರಬೇತಿ ಮುಗಿದ ಮೇಲೆ ಊರು ಬಿಟ್ಟು ಹೊರಡುವ ‘ವಾಲ್ಟ್ಸ್’ ಎಂಬ ಪದ್ಧತಿ ಶತಮಾನಗಳಿಂದ ಇದೆ, ಈಗಲೂ ಸಣ್ಣ ಪ್ರಮಾಣದಲ್ಲಿ ಉಳಿದಿದೆ. ಅವಧಿ ಮೂರು ವರ್ಷ ಮತ್ತು ಒಂದು ದಿನ. ಆ ಅವಧಿಯಲ್ಲಿ ಸ್ವಂತ ಊರಿನ 50 ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ. ಹೊರಡುವವರು 30 ವರ್ಷದೊಳಗಿನವರಾಗಿರಬೇಕು, ಮದುವೆಯಾಗಿರಬಾರದು, ಸಾಲ ಇರಬಾರದು. ದಾರಿಯಲ್ಲಿ ಸಿಕ್ಕ ಕಡೆ ಕೆಲಸ ಮಾಡಿ, ಬೇರೆ ಬೇರೆ ಯಜಮಾನರ ಕೈಚಳಕ ಕಲಿಯುತ್ತಾ ಹೋಗಬೇಕು. ಎಲ್ಲವೂ ಅರ್ಥವುಳ್ಳ ನಿಯಮಗಳೇ. ಸಾಲವಿದ್ದರೆ ಮನಸ್ಸು ದಾರಿಯಲ್ಲಿ ಇರುವುದಿಲ್ಲ. ಊರು ಹತ್ತಿರವಿದ್ದರೆ ಮೊದಲ ಕಷ್ಟಕ್ಕೇ ಮನೆಗೆ ಓಡುತ್ತೇವೆ. ಮೊಬೈಲ್ ಇರುವ ಈ ಕಾಲದಲ್ಲಿ ಆ 50 ಕಿಲೋಮೀಟರ್ ಅಂತರವನ್ನು ನಾವೇ ಕಾಯ್ದುಕೊಳ್ಳಬೇಕು: ವಾರಕ್ಕೊಮ್ಮೆ ಮನೆಗೆ ಮಾತನಾಡಿ, ಗಂಟೆಗೊಮ್ಮೆ ಬೇಡ.

ಓದಿದ ವಿದ್ಯೆಯನ್ನು ದಾರಿಖರ್ಚಾಗಿ ಮಾಡಿಕೊಂಡವರ ಪೈಕಿ ದೊಡ್ಡ ಹೆಸರು ಇಬ್ನ್ ಬತೂತ. 1325ರಲ್ಲಿ, 21ನೆಯ ವಯಸ್ಸಿನಲ್ಲಿ ಮೊರಾಕೊದ ಟ್ಯಾಂಜಿಯರ್‌ನಿಂದ ಮೆಕ್ಕಾ ಯಾತ್ರೆಗೆಂದು ಹೊರಟವನು. ಧರ್ಮಶಾಸ್ತ್ರದ ಓದು ಕೈಯಲ್ಲಿತ್ತು. ಅದೇ ಆತನಿಗೆ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಆಡಳಿತದಲ್ಲಿ, ಆಮೇಲೆ ಮಾಲ್ಡೀವ್ಸ್‌ನಲ್ಲಿ ಖಾಜಿಯ ಹುದ್ದೆ ಕೊಡಿಸಿತು. ನಿಮ್ಮ ಪದವಿ ಯಾವುದರಲ್ಲಿ ಎಂದು ನೀವು ಬರೆದಿಲ್ಲ. ಅದು ಏನೇ ಇರಲಿ, ನೀವು ಹೋಗುವ ಕಡೆ ಅದಕ್ಕೆ ಹತ್ತಿರದ ಒಂದು ಕೆಲಸ ಹುಡುಕಿ, ಸಣ್ಣದಾದರೂ ಸರಿ.

ಹಾಗೆಂದು ನಷ್ಟವಿಲ್ಲ ಎಂದು ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತೆ. ಕ್ಯಾಂಪಸ್ ನೇಮಕಾತಿಯ ಬಾಗಿಲು ಆ ವರ್ಷದ ವಿದ್ಯಾರ್ಥಿಗಳಿಗಷ್ಟೇ ತೆರೆದಿರುತ್ತದೆ, ಒಮ್ಮೆ ಮುಚ್ಚಿದರೆ ಹೊರಗಿನಿಂದ ಬಡಿಯುವುದು ಕಷ್ಟ. ಪದವಿ ಮುಗಿದು ಇಂತಿಷ್ಟು ಕಾಲದೊಳಗಿನವರು ಮಾತ್ರ ಎಂದು ನಿಯಮ ಇಟ್ಟಿರುವ ಸಂಸ್ಥೆಗಳೂ ಇವೆ. ಕೈ ಆಡುತ್ತಿರಬೇಕಾದ ತಾಂತ್ರಿಕ ವಿದ್ಯೆ ಒಂದು ವರ್ಷದಲ್ಲಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಕೈಯಲ್ಲಿ ಆಫರ್ ಲೆಟರ್ ಇದ್ದರೆ ಅದನ್ನು ಬಿಟ್ಟುಕೊಡುವ ಮೊದಲು, ಸೇರುವ ದಿನಾಂಕವನ್ನು ಮುಂದೂಡಲು ಸಾಧ್ಯವೇ ಎಂದು ಬರವಣಿಗೆಯಲ್ಲಿ ಕೇಳಿ. ಕೇಳಿದ್ದಕ್ಕೆ ಯಾರೂ ಆಫರ್ ಕಿತ್ತುಕೊಂಡದ್ದನ್ನು ನಾನು ಕಂಡಿಲ್ಲ. ಮೂರು ತಿಂಗಳು ಸಿಕ್ಕಿದರೂ ಸಾಕು, ಅದನ್ನು ಒಂದೇ ಊರಿನಲ್ಲಿ ಕಳೆಯಿರಿ. ಇನ್ನು, ಮನೆ ನಿಮ್ಮ ಸಂಬಳಕ್ಕಾಗಿ ಕಾಯುತ್ತಿದ್ದರೆ ಅಥವಾ ಪ್ರಯಾಣಕ್ಕೆ ಸಾಲ ಮಾಡಬೇಕಿದ್ದರೆ ಈಗ ಹೋಗಬೇಡಿ. ಎರಡು ವರ್ಷ ದುಡಿದು 24ರಲ್ಲಿ ಹೋದರೂ ಇದೇ ಲಾಭ ಸಿಗುತ್ತದೆ, ಆಗ ಸ್ವಲ್ಪ ಹೆಚ್ಚೇ ಅರ್ಥವಾಗುತ್ತದೆ.

ಹೋಗುವುದೆಂದು ತೀರ್ಮಾನಿಸಿದರೆ, ನಿಮ್ಮ ಹತ್ತು ತಿಂಗಳಲ್ಲಿ ಕನಿಷ್ಠ ಆರು ತಿಂಗಳನ್ನು ಎರಡೇ ಎರಡು ಊರುಗಳಿಗೆ ಕೊಡಿ. ಉಳಿದದ್ದರಲ್ಲಿ ಮನಸ್ಸು ಬಂದಂತೆ ಸುತ್ತಿ, ಅದರ ಸಂತೋಷವೂ ಬೇಕು. ಕೆಲಸ ಮಾಡಲು ದಾರಿಗಳಿವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದ ದೇಶಗಳು ತಾವು ಒಪ್ಪಂದ ಮಾಡಿಕೊಂಡ ದೇಶಗಳ ಯುವಜನರಿಗೆ ರಜೆಯ ಜೊತೆಗೆ ದುಡಿಯಲೂ ಅವಕಾಶ ಕೊಡುವ ವೀಸಾ ನೀಡುತ್ತವೆ. ವಯಸ್ಸು ಸಾಮಾನ್ಯವಾಗಿ 18ರಿಂದ 30, ಅಂದರೆ ಇದಕ್ಕೆ ಗಡುವಿದೆ. 1971ರಲ್ಲಿ ಇಂಗ್ಲೆಂಡ್‌ನಲ್ಲಿ ಆರಂಭವಾದ ‘ವೂಫ್’ ಜಾಲದಲ್ಲಿ ಸಾವಯವ ತೋಟಗಳಲ್ಲಿ ದಿನದ ಅರ್ಧ ಭಾಗ ಕೆಲಸ ಮಾಡಿದರೆ ಊಟ, ವಸತಿ ಸಿಗುತ್ತದೆ. ಆದರೆ ಹಣ ಕೈ ಬದಲಾಗದಿದ್ದರೂ ಇಂಥದ್ದನ್ನು ಕೆಲಸವೆಂದೇ ಪರಿಗಣಿಸುವ ದೇಶಗಳಿವೆ. ಆಯಾ ದೇಶದ ವೀಸಾ ನಿಯಮವನ್ನು ಅವರ ಸರ್ಕಾರದ ಜಾಲತಾಣದಲ್ಲೇ ಓದಿ, ಯಾರೋ ಹೇಳಿದ ಮಾತನ್ನು ನಂಬಿ ಗಡಿಯಲ್ಲಿ ನಿಲ್ಲಬೇಡಿ.

ಸ್ವಯಂಸೇವೆಗೆ ಹೋಗುವುದಾದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕೆಲವೇ ವಾರ ಅನಾಥಾಲಯಗಳಲ್ಲಿ ಮಕ್ಕಳ ಜೊತೆ ಇದ್ದು ಬರುವ ಕಾರ್ಯಕ್ರಮಗಳಿಗೆ ದಯವಿಟ್ಟು ಸೇರಬೇಡಿ. ಕಾಂಬೋಡಿಯದಂಥ ಕಡೆಗಳಲ್ಲಿ ಅಂಥ ಮನೆಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ. ಪ್ರವಾಸಿಗರ ಹಣ ಬರುತ್ತದೆಂದೇ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ತಂದಿರಿಸಿದ ಪ್ರಕರಣಗಳಿವೆ. ನಿಮ್ಮ ಬಯೋಡೇಟಾದ ಒಂದು ಸಾಲಿಗಾಗಿ ಒಂದು ಮಗು ತಿಂಗಳಿಗೊಬ್ಬರನ್ನು ಹಚ್ಚಿಕೊಂಡು ಕಳೆದುಕೊಳ್ಳಬಾರದು.

ಉಳಿದ ಸಲಹೆಗಳಲ್ಲಿ ಬಹುಪಾಲನ್ನು ಇಂಗ್ಲಿಷ್ ಚಿಂತಕ ಫ್ರಾನ್ಸಿಸ್ ಬೇಕನ್ 1625ರಲ್ಲೇ ಬರೆದಿಟ್ಟಿದ್ದಾನೆ. ಹೋಗುವ ಮೊದಲು ಆ ಭಾಷೆಗೆ ಸ್ವಲ್ಪವಾದರೂ ಪ್ರವೇಶ ಇರಲಿ ಎಂದ. ಒಂದೇ ಊರಿನಲ್ಲಿದ್ದರೂ ಬಿಡಾರವನ್ನು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬದಲಿಸುತ್ತಿರು, ನಿನ್ನ ದೇಶದವರ ಗುಂಪಿನಿಂದ ದೂರವಿರು, ದಿನಚರಿ ಬರೆ ಎಂದ. ಕೊನೆಯದನ್ನು ಬಿಡಲೇಬೇಡಿ. ರಾತ್ರಿ ಮಲಗುವ ಮೊದಲು ಐದು ಸಾಲು: ಇವತ್ತು ಏನು ತಪ್ಪಾಯಿತು, ಹೇಗೆ ಸರಿಹೋಯಿತು, ಯಾರು ನೆರವಾದರು. ಫೋಟೋಗಳಲ್ಲಿ ಇದು ಬರುವುದಿಲ್ಲ. ಒಂದು ವರ್ಷದ ನಂತರ ಸಂದರ್ಶನಕ್ಕೆ ಹೋಗುವ ಹಿಂದಿನ ರಾತ್ರಿ ನೀವು ತೆರೆದು ಓದುವುದು ಆ ಪುಸ್ತಕವನ್ನೇ.

ಮರಳುವ ದಿನಾಂಕವನ್ನು ಹೊರಡುವ ಮೊದಲೇ ಗೊತ್ತು ಮಾಡಿ. ಬಂದ ಮೇಲೆ ಎರಡು ತಿಂಗಳು ಕೆಲಸ ಹುಡುಕುವ ಖರ್ಚಿಗೆ ಬೇಕಾದ ಹಣವನ್ನು ಬೇರೆ ಖಾತೆಯಲ್ಲಿ ಇಟ್ಟು ಹೋಗಿ, ದಾರಿಯಲ್ಲಿ ಅದನ್ನು ಮುಟ್ಟಬೇಡಿ. ಪ್ರವಾಸ ಮುಗಿಸಿ ಬಂದವರು ಸೋಲುವುದು ಹೆಚ್ಚಾಗಿ ಈ ಎರಡು ತಿಂಗಳಲ್ಲಿ. ಕೈ ಖಾಲಿಯಾಗಿ, ಸಿಕ್ಕಿದ ಮೊದಲ ಕೆಲಸಕ್ಕೆ ಸೇರಿಬಿಡುತ್ತಾರೆ. ಅಷ್ಟು ದೂರ ಹೋಗಿ ಕಂಡುಕೊಂಡ ‘ನನಗೆ ಏನು ಮುಖ್ಯ’ ಎಂಬುದು ಅಲ್ಲಿಗೆ ವ್ಯರ್ಥವಾಗುತ್ತದೆ. ಬಯೋಡೇಟಾದಲ್ಲಿ ಆ ವರ್ಷವನ್ನು ಅಡಗಿಸಬೇಡಿ. ಕೆಲಸದ ಅನುಭವದ ಸಾಲಿನಲ್ಲೇ ಊರು, ತಿಂಗಳು, ಮಾಡಿದ ಕೆಲಸ ಇಷ್ಟನ್ನು ಬರೆಯಿರಿ. ಸುಮ್ಮನೆ ನೋಡಿ ಬಂದ ದೇಶಗಳ ಪಟ್ಟಿ ಬೇಡ.

ನೆಪ ಹುಡುಕುತ್ತಿದ್ದೇನೆಯೇ ಎಂದು ಕೇಳಿದ್ದಿರಿ. ಹೊರಗಿನಿಂದ ಇದನ್ನು ಯಾರೂ ಹೇಳಲಾರರು, ಒಂದು ಕಾಗದ ಹೇಳಬಲ್ಲದು. ಈ ವಾರ ನಿಮ್ಮ ತಂದೆಯವರ ಜೊತೆ ಕುಳಿತು, ವಾದ ಮಾಡದೆ, ಅವರ ಆಕ್ಷೇಪಣೆಗಳನ್ನು ಅವರ ಮಾತಿನಲ್ಲೇ ಒಂದೊಂದಾಗಿ ಬರೆದುಕೊಳ್ಳಿ. ನನಗೆ ಬರೆದದ್ದು ಮೂರು. ಕೇಳಿದರೆ ಇನ್ನೂ ನಾಲ್ಕೈದು ಹೊರಬರಬಹುದು, ಹೇಳದೆ ಉಳಿದವೇ ಸಾಮಾನ್ಯವಾಗಿ ದೊಡ್ಡವು. ಪ್ರತಿಯೊಂದರ ಎದುರು ನಿಮ್ಮ ಉತ್ತರ ಬರೆಯಿರಿ: ಯಾವ ಊರು, ಎಷ್ಟು ತಿಂಗಳು, ಯಾವ ಕೆಲಸ, ಎಷ್ಟು ಹಣ, ಮರಳುವುದು ಯಾವಾಗ. ಉತ್ತರ ತೋಚದ ಕಡೆ ಖಾಲಿ ಬಿಡಿ. ಖಾಲಿ ಜಾಗಗಳು ಹೆಚ್ಚಿದ್ದರೆ ನಿಮ್ಮ ಯೋಜನೆ ಇನ್ನೂ ಹಸಿ. ತುಂಬಿದ್ದರೆ, ಆ ಹಾಳೆಯನ್ನು ಅವರು ಗೌರವಿಸುವ ಮನೆಯ ಹಿರಿಯರೊಬ್ಬರಿಗೆ ತೋರಿಸಿ, ಸೋದರಮಾವನೇ ಇದ್ದರೆ ಇನ್ನೂ ಒಳ್ಳೆಯದು. ಡಾರ್ವಿನ್ ತಂದೆಗೆ ಸಮಾಧಾನ ಹೇಳಲು, ಹಡಗಿನಲ್ಲಿದ್ದುಕೊಂಡು ನೀವು ಕೊಡುವ ಹಣಕ್ಕಿಂತ ಹೆಚ್ಚು ಖರ್ಚು ಮಾಡಬೇಕಾದರೆ ನಾನು ಭಾರಿ ಜಾಣನಾಗಿರಬೇಕು ಎಂದನಂತೆ. ‘ನೀನು ಜಾಣನೆಂದೇ ಎಲ್ಲರೂ ಹೇಳುತ್ತಾರಲ್ಲ’ ಎಂದು ತಂದೆ ನಕ್ಕರಂತೆ. ಆ ಹೊತ್ತಿಗಾಗಲೇ ಅವರು ಒಪ್ಪಿ ಆಗಿತ್ತು.